ಜೊಂಡಿನ ಆಚೆಯ ಕೆಮ್ಮು

ಮಾರ್ಚ್ 9, ಭಾನುವಾರ. ಬೆಳಿಗ್ಗೆ

ಹಕ್ಕಿ ಗುರುತಿಸುವ ತರಬೇತಿಯ ಏಳನೆಯ ವಾರ. ಮಂಜು. ಗಾಳಿ ಇಲ್ಲ. ಜೌಗಿನ ಪಡುವಣ ಅಂಚಿನಲ್ಲಿ ಒಬ್ಬಳೇ.

ಕಿವಿಯ ಪಾಠ ಇವತ್ತಿನಿಂದ. ಒಬ್ಬೊಬ್ಬರನ್ನು ಒಂದೊಂದು ಮೂಲೆಗೆ ಅಟ್ಟುತ್ತಾರೆ, ಯಾರು ಎಲ್ಲಿ ಎಂದು ಹೇಳುವುದಿಲ್ಲ. ಕೇಳಿದ್ದನ್ನಷ್ಟೇ ಬರೆಯಬೇಕು. ಊಹೆ ಬರೆದರೆ ಮೇಷ್ಟ್ರು ಕೆಂಪು ಗೀಟು ಎಳೆಯುತ್ತಾರೆ. ಆಯುಷ್ಯವೆಲ್ಲ ಶಾಲೆಯಲ್ಲಿ ವಿಜ್ಞಾನ ಕಲಿಸಿದವರು, ಗೀಟು ಎಳೆಯದಿದ್ದರೆ ಕೈ ತುರಿಸುತ್ತದೆ.

ಯಾವ ಕೆರೆಗೆ ಹೋದರೂ ಸಿಗುವ ಹುಂಡುಕೋಳಿ, ಮರಿಗಳ ಸಮೇತ — ಕಣ್ಣಿಗೂ ಬಿದ್ದವು. ಕಪ್ಪೆ. ಆಮೇಲೆ ಜೊಂಡಿನ ಆಚೆಯಿಂದ, ಖಾಲಿ ಬಾಟಲಿಯ ಬಾಯಿಗೆ ಯಾರೋ ಊದಿದಂತೆ, ಮೂರು ಸಲ. ಮೈ ಜುಮ್ಮೆಂದಿತು. ಗುಪ್ಪಿ! ಜೊಂಡಿನ ಮರೆಯಲ್ಲೇ ಬಾಳುವ ಹಕ್ಕಿ. ಇಲ್ಲಿಂದ ಹೋಗಿಯೇಬಿಟ್ಟಿತು ಎಂದು ಎಲ್ಲರೂ ಕೈಬಿಟ್ಟದ್ದು.

ಅದರ ಬೆನ್ನಿಗೇ, ಅದೇ ಕಡೆಯಿಂದ, ಯಾರೋ ಕೆಮ್ಮಿದರು. ಒಣ ಕೆಮ್ಮು. ಕತ್ತು ಚಾಚಿ ನೋಡಿದೆ... ಯಾರೂ ಕಾಣಲಿಲ್ಲ.

ಗುಪ್ಪಿ ಎಂದು ಬರೆದುಕೊಟ್ಟೆ. ಕೆಮ್ಮನ್ನು ಬರೆಯಲಿಲ್ಲ. ಮನುಷ್ಯರ ಲೆಕ್ಕ ಯಾರೂ ಕೇಳಿಲ್ಲ.

ಮನೆಗೆ ಬರುವಾಗ ಹಾಲು ಮರೆತೆ. ಅಕ್ಕ: "ಹೋಗು, ನಿನ್ನ ಹಕ್ಕೀನೇ ಹಿಂಡ್ಕೊಂಡು ಬಾ. ಕಾಫಿ ಆಮೇಲೆ."

ಮಾರ್ಚ್ 12

ಕೆಲಸದಲ್ಲಿದ್ದೆ. ಕನ್ನಡಕದ ಅಂಗಡಿಯ ಹಿಂದಿನ ಕೋಣೆ, ಗಾಜು ಉಜ್ಜುವ ಯಂತ್ರದ ಸದ್ದು. ಮೇಷ್ಟ್ರು ನೇರ ಅಲ್ಲಿಗೇ ನುಗ್ಗಿದರು.

"ಖಂಡಿತಾನೇನಮ್ಮ?"

"ಕೇಳಿದ್ದು ಹಾಗೆ, ಸರ್."

"ನೀನು ಬರೆದ್ಮೇಲೆ ಮುಗೀತು. ಉಳಿದವರು ಕಾಗೆ ಕೂಗಿದ್ರೂ ಗರುಡ ಅಂತ ಬರೀತಾರೆ."

ನಗರಸಭೆಯವರು ಪಡುವಣ ಅಂಚಿಗೆ ಮಣ್ಣು ತುಂಬಿ ಬಸ್ಸು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಮಣ್ಣಿನ ಲಾರಿಗಳು ಬಂದು ನಿಂತಿವೆ. ಗುಪ್ಪಿ ಇದ್ದರೆ ಮಾತ್ರ ತಡೆಯಬಹುದು.

"ಹುಂಡುಕೋಳಿ ಇದೆಯಲ್ಲ ಸರ್? ಮರಿಗಳು..."

"ಹುಂಡುಕೋಳಿಗೆ ಯಾರಮ್ಮ ಲಾರಿ ನಿಲ್ಲಿಸ್ತಾರೆ?"

ಕೈಯಲ್ಲಿದ್ದ ಗಾಜು ಹಾಳಾಯಿತು. ಕೂದಲೆಳೆಯಷ್ಟು ಹೆಚ್ಚು ಉಜ್ಜಿಬಿಟ್ಟಿದ್ದೆ.

ಮಾರ್ಚ್ 21

ಲಾರಿಗಳು ವಾಪಸ್ಸು ಹೋದವು. ಏಪ್ರಿಲ್ 5ಕ್ಕೆ ನಗರಸಭೆಯಲ್ಲಿ ನಡೆಯುವ ಸಭೆಯವರೆಗೆ ತಡೆ. ಅಲ್ಲಿ ನಾನು ಎದ್ದು ನಿಂತು ಹೇಳಬೇಕು. ನಾಲ್ಕು ಜನರ ಮುಂದೆ ಬಾಯಿ ಬಿಡದವಳು.

ತರಬೇತಿಯಲ್ಲಿ ಈಗ ನಾನು 'ಗುಪ್ಪಿಯಮ್ಮ'. ಹೆಸರಿಟ್ಟವನು ಟಪಾಲಣ್ಣ. ನಮ್ಮ ಅಂಗಡಿಯ ಬೀದಿಗೆ ಕಾಗದ ಕೊಡುವವನು, ನನ್ನ ಜೊತೆಗೇ ಕಲಿಯುತ್ತಿರುವವನು. ಸ್ವಯಂಸೇವಕರ ಹಸಿರು ಟೋಪಿ ಸಿಗುವುದು ಪರೀಕ್ಷೆ ಮುಗಿದ ಮೇಲೆ. ಅವನು ಅಂಥದ್ದೇ ಒಂದನ್ನು ಈಗಲೇ ಕೊಂಡು ಹಾಕಿಕೊಂಡು ತಿರುಗುತ್ತಾನೆ.

ದಿನವೂ ಬೆಳಿಗ್ಗೆ ಜೊಂಡಿನ ಹತ್ತಿರ ಹೋಗುತ್ತೇನೆ. ಸದ್ದಿಲ್ಲ. ಮೇಷ್ಟ್ರು: "ನಾಚಿಕೆ ಹಕ್ಕಿ ಕಣಮ್ಮ." ಇರಬಹುದು.

ಅನುವಾದದ ಕಾದಂಬರಿಯೊಂದನ್ನು ಓದುತ್ತಿದ್ದೇನೆ. ಅನುವಾದಕ ತಡವರಿಸಿದ ಕಡೆಯೆಲ್ಲ ತಿಳಿಯುತ್ತದೆ. ನನಗದು ಇಷ್ಟ. ಮಾತು ಒಬ್ಬರದು, ಉಸಿರು ಅದನ್ನು ಹೊತ್ತು ತಂದವರದು.

ಏಪ್ರಿಲ್ 2

ಬರೆಯಬೇಕೋ ಬೇಡವೋ.

ಟಪಾಲಣ್ಣ ಅಂಗಡಿಗೆ ಬಂದ. "ಗುಪ್ಪಿಯಮ್ಮೋರೇ, ನಿಮ್ಮ ಕಿವಿಗೆ ಚಿನ್ನದ ಓಲೆ ಹಾಕಿಸ್ಬೇಕು ನೋಡಿ. ಸಭೇಲಿ ಹೆದರ್ಬೇಡಿ. ಇದೇ ತಾನೆ ನೀವು ಕೇಳಿದ್ದು?"

ಫೋನ್ ಒತ್ತಿದ. ಬಾಟಲಿಗೆ ಊದಿದ ಸದ್ದು. ಮೂರು ಸಲ.

ಆಮೇಲೆ ಕೆಮ್ಮು.

"ಇದ್ಯಾರು?"

"ರೆಕಾರ್ಡ್ ಮಾಡಿದ ಪುಣ್ಯಾತ್ಮ ಇರ್ಬೇಕು. ಎಲ್ಲೋ ಹೊರದೇಶದ್ದು, ನೆಗಡಿ ಆಗಿತ್ತೋ ಏನೋ." ನಕ್ಕ. ಆಮೇಲೆ ದನಿ ತಗ್ಗಿಸಿದ. "ಮೇಷ್ಟ್ರಿಗೆ ಹೇಳ್ಬೇಡಿ. ಕಿವಿ ಪಾಠದ ಮೊದಲ್ನೇ ದಿನ ಜೊಂಡಿನ ಆಚೆ ಕಡೆ ಕೂತು ಇದನ್ನ ಒಂದ್ಸಲ ಹಾಕಿದ್ದೆ. ನನ್ನ ಫೋನ್ ಕೇಳಿಯೇ ನಿಮ್ಮ ಹಕ್ಕಿ ಬಾಯಿ ಬಿಟ್ಟಿರ್ಬೇಕು, ಅಲ್ವಾ?"

ಕಣ್ಣಲ್ಲಿ ಎಂಥ ಖುಷಿ.

ಗೂಡು ಕಟ್ಟುವ ಕಾಲದಲ್ಲಿ ಹಕ್ಕಿಯ ಕೂಗು ಹಾಕಿ ಕೇಳಿಸಿದರೆ ತರಬೇತಿಯಿಂದಲೇ ಹೊರಗೆ. ಸೇರಿದ ಮೊದಲ ದಿನವೇ ಹೇಳಿದ್ದ ನಿಯಮ.

ಇನ್ನೊಂದು ಸಲ ಹಾಕು ಎಂದೆ. ಹಾಕಿದ. ಅದೇ ಕೆಮ್ಮು, ಜೊಂಡಿನ ಆಚೆಯದು. ತಲೆಯಾಡಿಸಿ ಯಂತ್ರದ ಕಡೆ ತಿರುಗಿದೆ.

ಏಪ್ರಿಲ್ 3. ಸಂಜೆ

ಅಕ್ಕನಿಗೆ ಹೇಳಿದೆ. ತೊಳೆದ ಬಟ್ಟೆ ಮಡಿಚುತ್ತಿದ್ದಳು.

"ಕೆಮ್ಮನ್ನ ಇನ್ಯಾರು ಕೇಳಿದ್ದಾರೆ?"

"ನಾನೊಬ್ಬಳೇ."

"ಮತ್ತೆ ಬಾಯಿ ಮುಚ್ಕೊಂಡಿರು. ಆ ಹಕ್ಕಿ ಬಂದು ನಾನಿಲ್ಲ ಅಂತ ಹೇಳುತ್ತಾ?"

"ಸುಳ್ಳಾಗುತ್ತಲ್ಲ, ಅಕ್ಕ."

"ನೀನೇನು ಹುಟ್ಟಿಸಿ ಹೇಳಿದ್ಯಾ? ಜೌಗು ಉಳಿಯುತ್ತೆ, ಆ ಟೋಪಿಯವನೂ ಉಳೀತಾನೆ. ಒಂದು ಕೆಮ್ಮಿಗೋಸ್ಕರ ಎಲ್ಲಾನೂ ಮಣ್ಣುಪಾಲು ಮಾಡ್ತೀಯಾ? ಹಿಡಿ, ಈ ಕಡೆ ಹಿಡಿ."

ಹೊದಿಕೆಯ ಎರಡು ತುದಿ ಹಿಡಿದುಕೊಂಡೆ. ಅವಳ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಏಪ್ರಿಲ್ 4

ಬೆಳಿಗ್ಗೆ ಕೊನೆಯ ಸಲ ಹೋಗಿ ಕೂತೆ. ಹಕ್ಕಿಯೇ, ಒಂದೇ ಒಂದು ಸಲ — ಹೀಗೆಲ್ಲ ಬೇಡುವವಳಲ್ಲ ನಾನು. ಬೇಡಿದೆ. ಎಲ್ಲೋ ಒಂದು ಕಪ್ಪೆ. ಲಾರಿ ಚಕ್ರದ ಗುರುತಿನಲ್ಲಿ ನೀರು ನಿಂತಿದೆ. ಹುಂಡುಕೋಳಿ ಮರಿಗಳು ಅದರಲ್ಲೇ ಏನನ್ನೋ ಹೆಕ್ಕುತ್ತಿದ್ದವು. ತಾಯಿ ನನ್ನನ್ನು ನೋಡಿದರೂ ಓಡಲಿಲ್ಲ. ರೂಢಿಯಾಗಿದ್ದೇನೆ.

ಇವನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಇವುಗಳಿಗೆ ಯಾರೂ ಲಾರಿ ನಿಲ್ಲಿಸುವುದಿಲ್ಲ.

ಸಂಜೆ ಮೇಷ್ಟ್ರ ಫೋನ್. "ನಾಳೆ ಎರಡೇ ಮಾತು ಸಾಕಮ್ಮ. ಕೇಳಿದೆ ಅನ್ನು, ಕೂತ್ಕೋ." ಹೂಂ ಎಂದೆ. ದನಿಯಲ್ಲಿ ಹತ್ತು ವರ್ಷ ಚಿಕ್ಕವರಾಗಿದ್ದರು.

ಕೇಳಿದೆ ಎಂದರೆ ಸುಳ್ಳಲ್ಲ. ಊದಿದ ಸದ್ದು ಕೇಳಿದೆ. ಆಮೇಲಿನದನ್ನೂ ಕೇಳಿದೆ. ಅರ್ಧ ಬರೆದುಕೊಟ್ಟೆ.

ಹೇಳುತ್ತೇನೆ. ಸಭೆಯಲ್ಲೇ ಮೊದಲ ಸಲ ಅಲ್ಲ, ಮೇಷ್ಟ್ರಿಗೆ, ಅವರು ನಗರಸಭೆಯ ಮೆಟ್ಟಿಲು ಹತ್ತುವ ಮುಂಚೆ. ಸಭೆಯಲ್ಲಿ ಹುಂಡುಕೋಳಿಯ ಮಾತನ್ನೂ ಎತ್ತುತ್ತೇನೆ, ನಕ್ಕರೆ ನಗಲಿ. ಆದರೆ ಎಲ್ಲಕ್ಕಿಂತ ಮುಂಚೆ ಟಪಾಲಣ್ಣನಿಗೆ. ಬೆಳಿಗ್ಗೆ ಅಂಗಡಿಗೆ ಕಾಗದ ಹಿಡಿದು ಬರುತ್ತಾನೆ, ಟೋಪಿ ಹಾಕಿಕೊಂಡು. ಒಳಗೆ ಕರೆದು ಕೂರಿಸಬೇಕು. ಯಂತ್ರ ನಿಲ್ಲಿಸಬೇಕು. ಆ ಫೋನಿನದನ್ನು ಇನ್ನೊಂದು ಸಲ ಹಾಕು, ಕೊನೆಯವರೆಗೂ ಕೇಳು ಎನ್ನಬೇಕು. ಆಮೇಲೆ ಆ ಕೆಮ್ಮನ್ನು ನಾನು ಮೊದಲು ಎಲ್ಲಿ ಕೇಳಿದ್ದು ಎಂದು ಹೇಳಬೇಕು.