ಅಡುಗೆಮನೆಗೆ ಕೇಳದ ಪ್ರಸಂಗ

ಸೋಮವಾರ, ಜುಲೈ ಹದಿನಾಲ್ಕು

ಅರ್ಡಿಸ್ ಅಕ್ಕ,

ಕವರಿನ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಒಡೆಯದೆ ಬ್ರೆಡ್ ಡಬ್ಬಿಯ ಹಿಂದೆ ಸಿಕ್ಕಿಸಿಬಿಡಬೇಡ. ಒಂದು ಸಲ ಓದು. ಆಮೇಲೆ ಒಲೆಗೆ ಹಾಕಿದರೂ ನಾನು ಕೇಳುವುದಿಲ್ಲ.

ಬರುವ ಭಾನುವಾರ ಪೆಂತೆಕೊಸ್ತಿನ ನಂತರದ ಆರನೆಯದು. ಲೂಕನ ಸುವಾರ್ತೆ ಹತ್ತನೇ ಅಧ್ಯಾಯ, ಮಾರ್ಥ ಮರಿಯರ ಮನೆ: ಅಕ್ಕ ಮಾರ್ಥ ಅಡುಗೆಗೆ ಓಡಾಡುತ್ತಾಳೆ, ತಂಗಿ ಮರಿಯ ಯೇಸುಸ್ವಾಮಿಯ ಪಾದದ ಬಳಿ ಕೂತು ಕೇಳುತ್ತಾಳೆ, ಒಳ್ಳೇ ಭಾಗ ಮರಿಯಳದು ಅಂತ ಸ್ವಾಮಿ ಹೇಳುತ್ತಾರೆ. ನಾನು ಆರಿಸಿಕೊಂಡದ್ದಲ್ಲ. ಯಾವ ಭಾನುವಾರ ಯಾವ ಭಾಗ ಓದಬೇಕೆನ್ನುವ ಪಟ್ಟಿ ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತದೆ, ನಿನಗೆ ಗೊತ್ತೇ ಇದೆ. ನವೆಂಬರಿನಲ್ಲಿ ನಾನು ನಿವೃತ್ತನಾಗುತ್ತೇನೆ. ಮುಂದಿನ ಸಲ ಮಾರ್ಥ ಬರುವ ಹೊತ್ತಿಗೆ ನಮ್ಮ ಸಭೆಯಲ್ಲಿ ಪ್ರಸಂಗ ಮಾಡುವವರು ಬೇರೆ ಯಾರೋ ಆಗಿರುತ್ತಾರೆ. ಹಾಗಾಗಿ ನನಗೆ ಉಳಿದಿರುವುದು ಈ ಒಂದು ಭಾನುವಾರ.

ಹೋದ ಸಲ ಇದೇ ಭಾಗ ಬಂದ ದಿನ ದೇವಾಲಯದ ನೂರಿಪ್ಪತ್ತೈದನೇ ವರ್ಷದ ಊಟವಿತ್ತು. ನೀನು ಬೆಳಗಿನ ಐದಕ್ಕೇ ಕೆಳಗಿನ ಅಡುಗೆಮನೆಗೆ ಇಳಿದಿದ್ದೆ. ನೂರೆಂಬತ್ತು ಜನಕ್ಕೆ ಹ್ಯಾಮ್, ಹಾಲಿನಲ್ಲಿ ಬೇಯಿಸಿದ ಆಲೂಗಡ್ಡೆ, ಏಳು ಬಗೆಯ ಪೈ. ಮೇಲೆ ನಾನು ಇಸ್ತ್ರಿ ಮಾಡಿದ ನಿಲುವಂಗಿ ತೊಟ್ಟು ನಿಂತು ಹೇಳಿದ್ದು ಇಷ್ಟು: "ನಮ್ಮನೇಲೂ ಒಬ್ಳು ಮಾರ್ಥ ಇದಾಳೆ. ಯೇಸುಸ್ವಾಮಿನೇ ಬಂದು ಬಾಗಿಲು ತಟ್ಟಿದ್ರೂ, 'ಬೂಟ್ಸು ಆಚೆ ಬಿಟ್ಟು ಬನ್ನಿ, ಈಗ್ತಾನೇ ನೆಲ ಒರೆಸಿದೀನಿ' ಅಂತಾಳೆ. ಈಗ್ಲೂ ಕೆಳಗೆ ಆಲೂಗಡ್ಡೆ ಜೊತೆ ಮಾತಾಡ್ತಾ ಇರ್ತಾಳೆ, ಪಾಪ. ಒಳ್ಳೇ ಭಾಗ ಅವಳ ಕೈಗೆ ಸಿಗಲೇ ಇಲ್ಲ." ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಅಡುಗೆಮನೆಯಲ್ಲಿ ಸ್ಪೀಕರ್ ಇದೆ. ಪ್ರಸಂಗ ಮುಗಿಯುವ ಹೊತ್ತು ನೋಡಿ ಕಾಫಿ ಇಡಲು ನಿಮಗೆ ಅನುಕೂಲವಾಗಲಿ ಅಂತ ಅದನ್ನು ಹಾಕಿಸಿದವನೇ ನಾನು. ನನ್ನ ಮಾತು, ಆ ನಗು, ಎಲ್ಲವೂ ಐದು ಜನ ಹೆಂಗಸರ ಎದುರಿಗೆ ನಿನ್ನ ಕಿವಿಗೆ ಬಿತ್ತು. ಆದರೂ ನೀನು ಎದ್ದು ಹೋಗಲಿಲ್ಲ. ನೂರೆಂಬತ್ತು ಜನಕ್ಕೂ ಬಡಿಸಿದೆ, ಪಾತ್ರೆ ತೊಳೆದೆ, ಕಟ್ಟೆ ಒರೆಸಿದೆ, ಏಪ್ರನ್ ಮೊಳೆಗೆ ಹಾಕಿದೆ. ಸಂಜೆ ನೋಡಿದರೆ ಅಡುಗೆಮನೆಯ ಬೀಗದ ಕೈ ನನ್ನ ಮೇಜಿನ ಮೇಲಿತ್ತು. ಅಂದಿನಿಂದ ನೀನು ಹದಿನೆಂಟು ಮೈಲಿ ಕಾರು ಓಡಿಸಿಕೊಂಡು ಬೇರೆ ಊರಿನ ಆರಾಧನೆಗೆ ಹೋಗುತ್ತೀಯ, ಹಿಂದಿನ ಬೆಂಚಿನಲ್ಲಿ ಕೂತು ಕಾಫಿ ಕುಡಿಯದೆ ಎದ್ದು ಬರುತ್ತೀಯ ಅಂತ ಕೇಳಿದೆ. ಕ್ರಿಸ್ಮಸ್ಸಿಗೆ ಮಾತ್ರ ಯಾರದೋ ಕೈಯಲ್ಲಿ ಲೆಫ್ಸ ರೊಟ್ಟಿ ಕಳಿಸುತ್ತೀಯ. ನನ್ನ ಜೊತೆ ಮಾತು ಬಿಟ್ಟೆ, ನನಗೆ ರೊಟ್ಟಿ ಕಳಿಸುವುದನ್ನು ಬಿಡಲಿಲ್ಲ.

ಇನ್ನೊಂದು ಸಂಗತಿ ನಿನಗೆ ಗೊತ್ತಿರಬಹುದು, ಆದರೂ ನನ್ನ ಬಾಯಲ್ಲೇ ಬರಲಿ. ಮೂವತ್ತು ವರ್ಷ ಪ್ರತಿ ಶನಿವಾರ ನಿನ್ನ ಅಡುಗೆಮನೆಯಲ್ಲಿ ಕೂತು ಮರುದಿನದ ಪ್ರಸಂಗವನ್ನು ನಿನಗೆ ಓದಿ ಹೇಳಿದ್ದೇನೆ. ನೀನು ಹಿಟ್ಟು ನಾದುತ್ತಾ, ತಲೆ ಎತ್ತದೆ, "ಲೋವೆಲ್, ಅದು ಉದ್ದ ಆಯ್ತು ಕಣೋ. ಹನ್ನೆರಡು ನಿಮಿಷ ಆದ್ಮೇಲೆ ಜನ ಊಟದ ಯೋಚನೆ ಮಾಡ್ತಾರೆ" ಅನ್ನುತ್ತಿದ್ದೆ. ಪೆನ್ಸಿಲ್ ನಿನ್ನ ಕಿವಿಯ ಮೇಲೇ ಇರುತ್ತಿತ್ತು. ಆ ವಾರ ಮಾತ್ರ ನಾನು ಊಟದ ಗಡಿಬಿಡಿ ಇದೆ ಅಂತ ನೆಪ ಹೇಳಿ ಬರಲಿಲ್ಲ. ಗಡಿಬಿಡಿ ಇದ್ದದ್ದು ನಿನಗೆ, ನನಗಲ್ಲ. ಓದಿದರೆ ಆ ಸಾಲು ಹೊಡೆದುಹಾಕುತ್ತೀಯ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಅಮ್ಮನಿಗೆ ಲಕ್ವ ಹೊಡೆದಾಗ ನಿನಗೆ ಇಪ್ಪತ್ತೆರಡು, ನನಗೆ ಹದಿನೇಳು. ಮರುವರ್ಷ ನಾನು ಓದಲು ಹೋದೆ, ಎಂಟು ವರ್ಷ ಓದಿದೆ. ನೀನು ಒಂಬತ್ತು ವರ್ಷ ಅವಳ ಮಗ್ಗುಲು ಬದಲಿಸಿದೆ. ರಜೆಗೆ ಬಂದಾಗ ನಾನು ಅಮ್ಮನ ಮಂಚದ ಪಕ್ಕ ಗ್ರೀಕ್ ಪುಸ್ತಕ ಹಿಡಿದು ಕೂರುತ್ತಿದ್ದೆ, ನೀನು ಅತ್ತಿತ್ತ ಓಡಾಡುತ್ತಿದ್ದೆ. ಸ್ವಾಮಿಯ ಪಾದದ ಬಳಿ ಕೂರಲು ನನಗೆ ಬಿಡುವು ಸಿಕ್ಕಿದ್ದು ನೀನು ನಿಂತೇ ಇದ್ದದ್ದರಿಂದ. ಅಂಥವಳಿಗೆ ಒಳ್ಳೇ ಭಾಗ ಸಿಗಲಿಲ್ಲ ಅಂತ ನಾನು ಮೈಕಿನಲ್ಲಿ ಹೇಳಿದೆ.

ಈಗ ನಿನಗೆ ಗೊತ್ತಿಲ್ಲದ ಮಾತು. ಮರುವರ್ಷ ಮಾರ್ಚಿನಲ್ಲಿ, ಈಸ್ಟರಿಗೆ ಮುಂಚೆ, ಲಾಜರನ ಭಾಗ ಬಂತು. ಮಾರ್ಥ ಮರಿಯರ ತಮ್ಮ ಅವನು, ಸತ್ತು ನಾಲ್ಕು ದಿನ. ಯೇಸುಸ್ವಾಮಿ ಬರುತ್ತಿದ್ದಾರೆಂದು ಕೇಳಿ ಮರಿಯ ಮನೆಯಲ್ಲೇ ಕೂತಳು. ಎದ್ದು ದಾರಿಗೆ ಹೋದವಳು ಮಾರ್ಥ. ಇಷ್ಟು ತಡವಾಗಿ ಬಂದಿರಲ್ಲ ಅಂತ ಮುಖಕ್ಕೆ ಹೇಳಿದವಳೂ, ನೀವೇ ಕ್ರಿಸ್ತ ಅಂತ ಬಾಯಿಬಿಟ್ಟು ನಂಬಿದವಳೂ ಅವಳೇ. ಅದನ್ನೇ ಹಿಡಿದು ಪ್ರಸಂಗ ಮಾಡಿದೆ. ಮಾರ್ಥಳ ಬಗ್ಗೆ ಹಿಂದೆ ನಾನು ಆಡಿದ್ದು ಮೂರ್ಖ ಮಾತು ಅಂತಲೂ ಹೇಳಿದೆ. ಅಡುಗೆಮನೆಗೆ ಕೇಳುತ್ತದೆ, ಅಲ್ಲಿ ನಿನ್ನ ಜೊತೆ ಕೆಲಸ ಮಾಡುತ್ತಿದ್ದ ಲವಾನ್ ಸಂಜೆಯೊಳಗೆ ನಿನಗೆ ಫೋನ್ ಮಾಡುತ್ತಾಳೆ ಅಂತ ಲೆಕ್ಕ ಹಾಕಿದ್ದೆ. ನೀನು ಬರಲಿಲ್ಲ. ಎರಡು ವರ್ಷ ನಿನ್ನ ಮೇಲೆ ಸಿಟ್ಟು ಇಟ್ಟುಕೊಂಡೆ ಅಕ್ಕ. ಅಷ್ಟು ಜನರ ಮುಂದೆ ಒಪ್ಪಿಕೊಂಡೆ, ಇವಳಿಗೆ ಇನ್ನೇನು ಬೇಕಂತೆ ಅಂತ.

ಹೋದ ಗುರುವಾರ ಮುದುಕ ಪಾಮರ್‌ನ ಅಂತ್ಯಕ್ರಿಯೆ. ಊಟ ಬಡಿಸಲು ತಡವಾಯಿತು ಅಂತ ನಾನೇ ಕೆಳಗಿಳಿದೆ. ಗೋಡೆಯ ಸ್ಪೀಕರಿನ ಗುಂಡಿ ಸೊನ್ನೆಯಲ್ಲಿತ್ತು, ಅದರ ಮೇಲೆ ಅಂಟುಪಟ್ಟಿ, ಪಟ್ಟಿಯ ಮೇಲೆ ಮೂರು ವರ್ಷದ ಜಿಡ್ಡು. ಇದೇನು ಅಂತ ಕೇಳಿದೆ. ಲವಾನ್ ಸೌಟು ಕೆಳಗಿಡಲೂ ಇಲ್ಲ. "ಅರ್ಡಿಸ್ ಹೋದ ದಿನವೇ ಮುಚ್ಚಿದ್ವಿ ಪಾಸ್ಟರೇ. ಮೂರು ವರ್ಷದಿಂದ ನಿಮ್ಮ ಪ್ರಸಂಗ ಕೇಳಿಲ್ಲ. ಕಾಫಿ ಏನೂ ಕೆಟ್ಟಿಲ್ಲ."

ನಾನು ಪ್ರಸಂಗ ಮಾಡುವಾಗ ನನ್ನದೇ ದನಿ ಕೆಳಗಿನಿಂದ ಮೆಟ್ಟಿಲು ಹತ್ತಿ ಒಂದು ಕ್ಷಣ ತಡವಾಗಿ ಬರುತ್ತಿತ್ತು. ಅದು ನಿಂತುಹೋದಾಗ ವಯಸ್ಸಾಯಿತು, ಕಿವಿ ಮಂದವಾಯಿತು ಅಂದುಕೊಂಡೆ. ಡಾಕ್ಟರ ಹತ್ತಿರವೂ ಹೋಗಿ ಬಂದೆ. ಕಿವಿ ಸರಿಯಾಗಿದೆ ಅಂದರು.

ಅಂದರೆ ನನ್ನ ಕ್ಷಮಾಪಣೆ ಊರಿಗೆಲ್ಲ ಕೇಳಿತು, ನಿನಗೊಬ್ಬಳಿಗೆ ಕೇಳಲಿಲ್ಲ. ಕೇಳಿದ್ದರೂ ಅದು ಕ್ಷಮಾಪಣೆಯೇ ಅಲ್ಲ. ಮೊದಲನೇ ಸಲ ಜನ ನಗಲಿ ಅಂತ ನಿನ್ನನ್ನು ಎಳೆದು ತಂದೆ, ಎರಡನೇ ಸಲ ಪಾಸ್ಟರು ಎಷ್ಟು ವಿನಯವಂತರು ಅನ್ನಲಿ ಅಂತ. ನಿನ್ನ ಮನೆಗೆ ಬಂದು ಬಾಗಿಲು ತಟ್ಟಲು ನನಗೆ ಧೈರ್ಯವಿರಲಿಲ್ಲ. ಅಕ್ಕ, ತಪ್ಪಾಯಿತು. ನಿನ್ನ ಮನಸ್ಸು ನೋಯಿಸಿದೆ. ಇದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಭಾನುವಾರದ ಪ್ರಸಂಗ ಇದರ ಜೊತೆಗೇ ಇಟ್ಟಿದ್ದೇನೆ. ಅದರಲ್ಲಿ ನೀನಿಲ್ಲ, ನಮ್ಮ ಮನೆಯಿಲ್ಲ, ತಮಾಷೆಯೂ ಇಲ್ಲ. ಹದಿನಾಲ್ಕು ನಿಮಿಷ ಆಗುತ್ತದೆ. ಎರಡು ನಿಮಿಷ ಎಲ್ಲಿ ಕತ್ತರಿಸಬೇಕೋ ನಿನ್ನ ಪೆನ್ಸಿಲಿಗೇ ಗೊತ್ತು. ಬೀಗದ ಕೈಯೂ ಕವರಿನಲ್ಲಿದೆ. ಬೇಡವಾದರೆ ಡ್ರಾಯರಿನಲ್ಲಿ ಬಿದ್ದಿರಲಿ.

ಸ್ಪೀಕರಿನ ಆ ಅಂಟುಪಟ್ಟಿಯನ್ನು ನಾನು ಕಿತ್ತಿಲ್ಲ. ಲವಾನಳೂ ಕೀಳುವುದಿಲ್ಲವಂತೆ, ಅದು ಅರ್ಡಿಸ್ ಕೆಲಸ ಅಂದಳು. ಭಾನುವಾರ ಹತ್ತೂವರೆಗೆ ಲೂಕನ ಭಾಗ ತೆರೆದು ಮೊದಲ ಸಾಲು ಓದಿ ಸ್ವಲ್ಪ ನಿಲ್ಲಿಸುತ್ತೇನೆ. ಮೆಟ್ಟಿಲ ಕಡೆಯಿಂದ ನನ್ನ ದನಿ ವಾಪಸು ಬರುತ್ತದೋ ಅಂತ ಕೇಳಿಸಿಕೊಂಡು, ಆಮೇಲೆ ಮುಂದಕ್ಕೆ ಓದುತ್ತೇನೆ.

ಕಾಲು ನೋವಿಗೆ ಮಾತ್ರೆ ಮರೆಯಬೇಡ. ದೇವರು ನಿನ್ನನ್ನು ಒಂದಿಷ್ಟು ಹೊತ್ತು ಕೂರಿಸಲಿ.

ನಿನ್ನ ತಮ್ಮ,
ಲೋವೆಲ್