ಸೇತುವೆಯಾಚೆಯ ನಂಬರಿನ ಕಾರು

ನವೆಂಬರ್ ೧೪, ಗುರುವಾರ. ಲಿಫರ್ಡ್.

ಅಮ್ಮನ ಕಾರು ಹೋಯಿತು. ಅದರ ನಂಬರು ಸೇತುವೆಯಾಚೆಯ ಬ್ರಿಟನ್ನಿನದು. ಈಚೆ ಐರ್ಲೆಂಡಿನಲ್ಲಿ ವಾಸವಿರುವವರು ಇಲ್ಲಿನ ತೆರಿಗೆ ಕಟ್ಟದೆ ಅಂಥ ಕಾರನ್ನು ಓಡಿಸುವಂತಿಲ್ಲ. "ಯಾರಾದ್ರೂ ಕೇಳಿದ್ರೆ ಸೇತುವೆಯಾಚೆ ಸ್ಟ್ರಬೇನ್ ಮನೇಲೇ ಇರೋದು ಅನ್ನು" ಎಂದು ಅಮ್ಮನಿಗೆ ಗಿಳಿಪಾಠ ಮಾಡಿಸಿದ್ದೆ. ಇವತ್ತು ಆಚೆ ಸಾಮಾನು ಕೊಂಡು ಸೇತುವೆ ದಾಟಿ ಈಚೆ ಬರುತ್ತಲೇ ಸುಂಕದವನು ಕೈ ಅಡ್ಡ ಹಿಡಿದ. ಸ್ಟಿಯರಿಂಗ್ ಹಿಡಿದಿದ್ದ ಅಮ್ಮನನ್ನು ಕೇಳಿದ:

"ರಾತ್ರಿ ಮಲಗೋದೆಲ್ಲಿ, ಅಜ್ಜೀ?"

"ಇವಳ ಮನೇಲೇ ಕಣಪ್ಪಾ. ಇವಳಪ್ಪ ಹೋದ್ಮೇಲೆ ಒಂದು ರಾತ್ರಿನೂ ನನ್ನನ್ನ ಒಂಟಿಯಾಗಿ ಬಿಟ್ಟಿಲ್ಲ. ಇಂಥ ಮಗಳು ಯಾರಿಗಿದ್ದಾಳೆ ಹೇಳು!"

ಕಾರನ್ನು ಎಳೆದುಕೊಂಡು ಹೋದರು. ಆಲೂಗಡ್ಡೆ ಚೀಲ ಹೊತ್ತು ನಡೆದೇ ಬಂದೆವು. ಬೈಯುವುದಕ್ಕೂ ತ್ರಾಣವಿಲ್ಲ. ಇಷ್ಟು ವರ್ಷದಲ್ಲಿ ‘ಇಂಥ ಮಗಳು’ ಎಂಬ ಮಾತು ಅವಳ ಬಾಯಿಂದ ಬಂದದ್ದೇ ಇಲ್ಲ. ಅದನ್ನು ಹೊರಡಿಸಲು ಸುಂಕದವನೇ ಬರಬೇಕಾಯಿತು.