ನಾಲ್ಕೂ ಗುಂಡಿ ಒಂದೇ ಸಮ

ಗುರುವಾರ, ಮಧ್ಯಾಹ್ನ
ಶೆಡ್ಡಿನ ಹಿಂದಿನ ಮೆಟ್ಟಿಲ ಮೇಲಿಂದ

ಅಮ್ಮಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ವ್ಯಾನ್ ಇಲ್ಲದೆ ನೀನು ಹೇಗಿರುತ್ತೀಯ ಎಂದು ನನಗೆ ಗೊತ್ತು. ಫೋನು ಮಾಡಬಹುದಿತ್ತು, ಆದರೆ ಶೆಡ್ಡಿನಲ್ಲಿ ಎಲ್ಲಿ ನಿಂತರೂ ಅಪ್ಪನ ಕಿವಿ ಹತ್ತಿರವೇ ಇರುತ್ತದೆ. ಅದಕ್ಕೇ ಬರೆದು ಚಿಕ್ಕಮ್ಮನ ಕೈಲಿ ಕೊಡುತ್ತಿದ್ದೇನೆ. ಅವಳಿಗೆ ಓದಿ ಹೇಳಬೇಡ. ಒಳ್ಳೆಯವಳೇ, ಬಾಯಿ ಮಾತ್ರ ಸೋರುತ್ತದೆ.

ನೀನು ಕೇಳಿದ್ದು ಒಂದೇ: ಅಪ್ಪ ಇಂಜಿನ್ ಬಿಚ್ಚಿ ರಿಪೇರಿ ಮಾಡಿದ ಮೇಲೆ ವ್ಯಾನ್ ಯಾಕೆ ಬೆಟ್ಟ ಹತ್ತುತ್ತಿಲ್ಲ ಎಂದು. ಸೋಮವಾರದಿಂದ ಬ್ರೆಡ್ಡಿನ ಟ್ರೇಗಳು ಬೆಟ್ಟದಾಚೆಯ ಊರಿಗೆ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಬೇಕರಿಯವರು ಆ ಕೆಲಸ ಬೇರೆಯವರಿಗೆ ಕೊಡುತ್ತಾರೆ. ತಲುಪಿದರೆ ನೀನು ಈ ಊರಿನ ಬಾಡಿಗೆ ಕೋಣೆ ಬಿಟ್ಟು ಅಲ್ಲಿಗೇ ಹೋಗಿಬಿಡುತ್ತೀಯ. ಇದು ಅಪ್ಪನಿಗೂ ಗೊತ್ತು. ನನ್ನ ಅನುಮಾನ ಶುರುವಾದದ್ದೇ ಅಲ್ಲಿಂದ.

ಮಂಗಳವಾರ ಅಪ್ಪ ಯಾವುದೋ ಕೆಟ್ಟು ನಿಂತ ಲಾರಿ ನೋಡಲು ಹೋದ. ನಾನು ನಿನ್ನ ವ್ಯಾನಿನ ಹೆಡ್, ಅಂದರೆ ಇಂಜಿನ್ನಿನ ಮೇಲಿನ ಮುಚ್ಚಳ, ಇಳಿಸಿದೆ. ನಿನಗೆ ಓಡಿಸುವುದು ಗೊತ್ತು, ಒಳಗಿನದು ಗೊತ್ತಿಲ್ಲ, ಹಾಗಾಗಿ ಹೇಳುತ್ತೇನೆ. ಹೆಡ್ಡನ್ನು ಮಗುಚಿ ನೋಡಿದರೆ ನಾಲ್ಕು ಗುಂಡಿಗಳಿರುತ್ತವೆ. ಪೆಟ್ರೋಲು ಬೆರೆತ ಗಾಳಿಗೆ ಪ್ಲಗ್ಗಿನ ಕಿಡಿ ತಾಗಿ ಉರಿ ಏಳುವುದು ಅಲ್ಲೇ. ಗುಂಡಿ ಚಿಕ್ಕದಾದಷ್ಟೂ ಗಾಳಿ ಬಿಗಿಯಾಗಿ ಅದುಮಿಕೊಂಡು ಜೋರಾಗಿ ಉರಿಯುತ್ತದೆ. ತೀರಾ ಚಿಕ್ಕದಾದರೆ ಕುಟ್ಟುವ ಸದ್ದು ಬರುತ್ತದೆ. ಪ್ರತಿ ಗುಂಡಿಯ ಪಕ್ಕ ಒಂದು ಸಪಾಟು ಜಾಗ ಇರುತ್ತದೆ. ಪಿಸ್ಟನ್ ಮೇಲೆ ಬಂದಾಗ ಗಾಳಿ ಆ ಸಂದಿಯಿಂದ ಹಿಂಡಿಕೊಂಡು ಪ್ಲಗ್ಗಿನ ಕಡೆ ನುಗ್ಗುತ್ತದೆ. ನುಗ್ಗಿದರೇನೇ ಉರಿ ಬೇಗ ಹರಡುವುದು.

ಆ ಸಪಾಟು ಇರಲೇ ಇಲ್ಲ ಅಮ್ಮ. ಅಪ್ಪ ಗ್ರೈಂಡರ್ ಹಿಡಿದು ಸವರಿ ಬೋಗುಣಿ ಮಾಡಿದ್ದಾನೆ, ಬೆಟ್ಟ ಹತ್ತುವ ಬಲ ಹೋದದ್ದೇ ಅದರಿಂದ.

ಆದರೂ ಕೈತಪ್ಪಿರಬಹುದು ಅಂದುಕೊಂಡೆ. ಮೂಲೆಯಲ್ಲಿ ಗುಜರಿ ವ್ಯಾನಿನಿಂದ ತೆಗೆದ ಅದೇ ಜಾತಿಯ ಹೆಡ್ ಇತ್ತಲ್ಲ, ಅದನ್ನೂ ಪಕ್ಕಕ್ಕಿಟ್ಟುಕೊಂಡೆ. ತೂತಿರುವ ಗಾಜಿನ ತುಂಡನ್ನು ಗುಂಡಿಯ ಮೇಲೆ ಗ್ರೀಸ್ ಹಚ್ಚಿ ಕೂರಿಸಿ, ಔಷಧಿ ಅಂಗಡಿಯ ಸಿರಿಂಜಿನಿಂದ ಸೀಮೆಎಣ್ಣೆ ಬಿಟ್ಟು, ಎಷ್ಟು ಹಿಡಿಯುತ್ತದೆ ಎಂದು ಅಳೆದೆ. ಗುಜರಿಯದು ಬೇಗ ತುಂಬಿತು, ನಿನ್ನ ಹೆಡ್ಡಿನ ಗುಂಡಿ ಕುಡಿದೇ ಕುಡಿಯಿತು. ಎರಡನೆಯದೂ ಅಷ್ಟೇ, ಮೂರನೆಯದೂ ಅಷ್ಟೇ, ನಾಲ್ಕನೆಯದೂ ಅಷ್ಟೇ. ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೈತಪ್ಪಿದ್ದರೆ ಒಂದು ದೊಡ್ಡದು ಒಂದು ಚಿಕ್ಕದು ಆಗುತ್ತಿತ್ತು. ಹಾಳು ಮಾಡುವಾಗಲೂ ಈ ಮನುಷ್ಯನಿಗೆ ಒರಟು ಕೆಲಸ ಮಾಡಲು ಬರಲಿಲ್ಲ.

ಅಪ್ಪ ಬಂದಾಗ ಎರಡೂ ಹೆಡ್ ಬೆಂಚಿನ ಮೇಲೆ ಅಂಗಾತ ಮಲಗಿದ್ದವು.

"ಯಾರು ಬಿಚ್ಚೋಕೆ ಹೇಳಿದ್ದು?" ಎಂದ.

"ಗಾಡಿ ಯಜಮಾನಿ."

"ಅವಳೇ ತಾನೇ ಇಂಜಿನ್ ಕುಟ್ಟುತ್ತೆ ಅಂತ ತಂದಿದ್ದು? ಗುಂಡಿ ದೊಡ್ಡದು ಮಾಡ್ದೆ, ಸದ್ದು ನಿಲ್ತು. ಮುಗೀತಲ್ಲ."

"ಸದ್ದು ನಿಲ್ಸೋಕೆ ಇಷ್ಟೊಂದು ಬೇಕಿತ್ತಾ? ಸಪಾಟು ಮುಟ್ಟಿದ್ರೆ ಕೈ ಮುರೀತೀನಿ ಅಂತ ನಂಗೆ ಹೇಳಿದ್ದು ಯಾರಪ್ಪಾ?"

"ಶಾಲೇಲಿ ಹಿಂಗೆ ಪ್ರಶ್ನೆ ಕೇಳಿದ್ದಿದ್ರೆ ಉದ್ಧಾರ ಆಗ್ತಿದ್ದೆ."

"ಕೇಳಿದ್ದಕ್ಕೇ ಆಚೆ ನಿಲ್ಲಿಸ್ತಿದ್ರು. ನಿಂತೂ ನಿಂತೂ ಬೇಜಾರಾಗಿ ಬಂದ್ಬಿಟ್ಟೆ. ನೀನು ಮಾತು ತಪ್ಪಿಸ್ಬೇಡ."

ನಿನ್ನ ಹೆಡ್ಡಿನ ಗುಂಡಿಯೊಳಗೆ ಹೆಬ್ಬೆರಳು ಆಡಿಸಿದ. ಆಮೇಲೆ, "ಆ ಕಡೆ ಇಳಿಯೋ ತಿರುವುಗಳು ನೋಡಿದೀಯಾ ನೀನು? ಒಬ್ಬಳೇ ಹೋಗ್ತಾಳೆ," ಎಂದ.

"ನಾನು ಕೇಳಿದ್ದು ಹತ್ತೋದರ ಬಗ್ಗೆ ಅಲ್ವಾ? ಇಳಿಯೋ ಮಾತೇಕೆ?"

"ಹತ್ತಿದ್ರೆ ತಾನೇ ಇಳಿಯೋದು," ಎಂದು ಎದ್ದು ಹೋದ.

ಇದನ್ನು ಹೆದರಿಕೆ ಎಂದು ನಂಬಲೇ? ಅರ್ಧ ನಂಬುತ್ತೇನೆ. ಇನ್ನರ್ಧ, ನೀನು ಎಂದಾದರೂ ಈ ಶೆಡ್ಡಿನ ಹಿಂದಿನ ಮನೆಗೇ ವಾಪಸು ಬರುತ್ತೀಯ ಎಂದು ಕಾಯುತ್ತಿರುವ ಹಟ. ಹಾಗಂತ ನೇರ ಹೇಳುವುದಕ್ಕೆ ಬಾಯಿಲ್ಲ, ಗ್ರೈಂಡರ್ ಇದೆ.

ಈಗ ನಿನ್ನ ಸರದಿ. ಬೇಜಾರು ಮಾಡಿಕೊಂಡರೂ ಸರಿ, ಕೇಳಿಯೇ ಕೇಳುತ್ತೇನೆ. ಇಂಜಿನ್ ಕುಟ್ಟಿದ್ದರೆ ಪಿಸ್ಟನ್ನಿನ ಅಂಚಿನಲ್ಲಿ ಸೂಜಿಯಿಂದ ಚುಚ್ಚಿದಂತೆ ಚುಕ್ಕಿಗಳು ಬೀಳುತ್ತವೆ. ಮಸಿ ಒರೆಸಿ, ಬ್ಯಾಟರಿ ಬೆಳಕು ಬಿಟ್ಟು ಹುಡುಕಿದೆ. ನಾಲ್ಕೂ ನುಣ್ಣಗಿವೆ. ಒಂದು ಚುಕ್ಕಿಯೂ ಇಲ್ಲ. ನೀನು ಕೇಳಿದ ಸದ್ದು ಯಾವುದಮ್ಮ? ನಿನ್ನ ಕೋಣೆಯಿಂದ ಇಲ್ಲಿಗೆ ಬರುವ ದಾರಿಯಲ್ಲೇ ಇನ್ನೆರಡು ಶೆಡ್ಡುಗಳಿವೆ. ಅವನ್ನು ದಾಟಿ, ಮಾತು ಬಿಟ್ಟ ಗಂಡನ ಹತ್ತಿರವೇ ಗಾಡಿ ತಂದೆಯಲ್ಲ, ಯಾಕೆ? ತಡೆಯಲಿ ಅಂತಲಾ? ತಡೆಯುತ್ತಾನೋ ಇಲ್ಲವೋ ನೋಡೋಣ ಅಂತಲಾ? ನನಗೆ ಉತ್ತರ ಬೇಡ. ನಿನಗಾದರೂ ಗೊತ್ತಿರಲಿ.

ನಿನ್ನೆ ಗುಜರಿ ಹೆಡ್ಡಿನ ವಾಲ್ವುಗಳನ್ನು ಉಜ್ಜಿ ಕೂರಿಸಿ, ಅದನ್ನೇ ನಿನ್ನ ಇಂಜಿನ್ನಿಗೆ ಹಾಕಿದೆ. ಅಪ್ಪ ನೋಡುತ್ತ ನಿಂತಿದ್ದ, ಬೇಡ ಅನ್ನಲಿಲ್ಲ, ಬೋಲ್ಟು ಬಿಗಿಯುವ ಪಾನಾ ಕೂಡ ಎತ್ತಿಕೊಡಲಿಲ್ಲ. ಮರಳಿನ ಮೂಟೆ ತುಂಬಿಕೊಂಡು ಬೆಟ್ಟದ ಮೊದಲ ತಿರುವಿನವರೆಗೂ ಓಡಿಸಿಕೊಂಡು ಬಂದೆ. ಗಾಡಿ ಎಲ್ಲೂ ಏದುಸಿರು ಬಿಡಲಿಲ್ಲ, ಕುಟ್ಟಲಿಲ್ಲ. ವ್ಯಾನ್ ಹತ್ತುತ್ತದೆ. ಹತ್ತಬೇಕೋ ಬೇಡವೋ ಎನ್ನುವುದು ಇನ್ನು ನಿನಗೆ ಬಿಟ್ಟದ್ದು, ಇಂಜಿನ್ನಿನ ಮೇಲೆ ಹೊರಿಸುವ ಹಾಗಿಲ್ಲ. ಶನಿವಾರ ಬಂದು ತೆಗೆದುಕೊಂಡು ಹೋಗು. ಕೀಲಿ ನನ್ನ ಹತ್ತಿರವೇ ಇದೆ, ಅಪ್ಪನಿಗೆ ಕೊಟ್ಟಿಲ್ಲ.

ನಿನ್ನ
ಚಿನಕುರುಳಿ

ತಾ.ಕ.: ಹೆಡ್ಡಿನ ಬೋಲ್ಟುಗಳನ್ನು ನಾನೇ ಬಿಗಿದಿದ್ದೇನೆ. ಆದರೂ ಗಾಡಿಯನ್ನು ಮುಂದಿನ ಬೀದಿಯ ಮೆಕ್ಯಾನಿಕ್ ಹತ್ತಿರ ಒಯ್ದು, ಮೊದಲಿನಿಂದ ಎಲ್ಲ ನೋಡಿಸಿದೆ. ಅಪ್ಪನೊಂದಿಗೆ ಮಾತಿಲ್ಲದವನು ಅವನು. "ನಿಮ್ಮಪ್ಪನ ಮೇಲೆ ಅಷ್ಟು ಅನುಮಾನವೇನೇ?" ಎಂದು ನಕ್ಕ. ಅಪ್ಪ ಈ ಸಲ ಗಾಡಿ ಮುಟ್ಟಿಯೇ ಇಲ್ಲ. ನೀನು ಹೋಗಬಾರದು ಎಂದು ನನಗೂ ಇದೆ ಅಮ್ಮ. ಅನುಮಾನ ನನ್ನ ಕೈಗಳ ಮೇಲಿತ್ತು.